ಪದಚರ್ಚೆ: ‘ಹೆಡ್‌ಲ್ಯಾಂಡ್’ಗೆ ಭೂಶಿರನಾ, ಕೋಡಿನಾ, ಮೊನೆನಾ? (ಗುರುವಾರದೊಳಗೆ ಬೇಕು)

ಹಾಸನದಿಂದ:

ಎಲ್ರಿಗೂ ನಮಸ್ಕಾರ. ಸ್ಕೂಲ್ ಮಕ್ಕಳ ಭೂಗೋಳ ಪ್ರದರ್ಶನಕ್ಕೆ ಸ್ಕಾಟ್ಲೆಂಡಿನ ಕೇಪ್ ರಾತ್ ಬಗ್ಗೆ ಒಂದು ಬೋರ್ಡು ಕನ್ನಡಕ್ಕೆ ಮಾಡ್ಕೊಡ್ತಿದೀನಿ. ಗುರುವಾರ ಬೆಳಗ್ಗೆ ಮ್ಯಾಟರ್ ಕೊಟ್ರೆ ಮಾತ್ರ ಪ್ರಿಂಟ್ ಆಗುತ್ತೆ ಅಂತ ಫ್ಲೆಕ್ಸ್ ಅಂಗಡಿಯವ್ರು ಹೇಳಿದಾರೆ. ಬ್ರಿಟನ್ ಮುಖ್ಯಭೂಮಿಯ ವಾಯುವ್ಯ ತುದಿ ಅದು, ಮೊದಲು ದೋಣೀಲಿ ಕಡಲ ಚಾಚು ದಾಟಿ ಆಮೇಲೆ ಮಿನಿಬಸ್ಸಲ್ಲಿ ಸುಮಾರು 18 ಕಿ.ಮೀ. ಹೋಗ್ಬೇಕು, ಬೇರೆಯವ್ರ ಗಾಡಿಗೆ ದಾರಿ ಇಲ್ಲ. ತೊಂದರೆ ಏನಂದ್ರೆ ಮೂಲದಲ್ಲಿ ಒಂದೇ ವಾಕ್ಯದಲ್ಲಿ ‘ಕೇಪ್’ ಇದೆ, ‘ಹೆಡ್‌ಲ್ಯಾಂಡ್’ ಕೂಡ ಇದೆ, ನಿಘಂಟು ತೆಗೆದ್ರೆ ಎರಡಕ್ಕೂ ಭೂಶಿರ. ‘ಈ ಭೂಶಿರವು ಒಂಟಿಯಾದ ಭೂಶಿರ’ ಅಂತ ಬರೆಯೋಕಾಗುತ್ತಾ? ಮೊದ್ಲು ಕರಡು ಮಾಡಿದವ್ರು ಹೆಸರನ್ನೂ ಬಿಡದೆ ‘ಕ್ರೋಧ ಭೂಶಿರ’ ಅಂತ ಮಾಡಿದಾರೆ. ಹಕ್ಕಿ ಮೊಟ್ಟೆ ಇಡೋ ‘ಲೆಡ್ಜ್’ಗೆ, ಅಂದ್ರೆ ಬಂಡೆ ಮೈಯಲ್ಲಿ ಚಾಚಿರೋ ಕಿರಿದಾದ ಜಾಗಕ್ಕೆ, ‘ಕಪಾಟು’ ಅಂತ ಹಾಕಿದಾರೆ. ದಯವಿಟ್ಟು ಬೇಗ ಹೇಳಿ.

ಚಿಕ್ಕಮಗಳೂರಿನಿಂದ:

ಕ್ರೋಧ ಮೊದ್ಲು ತೆಗೀರಿ. ಆ ಹೆಸರಿಗೂ ಸಿಟ್ಟಿಗೂ ಸಂಬಂಧ ಇಲ್ಲ. ಅದು ನಾರ್ಸ್ ಅನ್ನೋ ಹಳೇ ಸ್ಕ್ಯಾಂಡಿನೇವಿಯನ್ ಭಾಷೆಯ ‘ಹ್ವಾರ್ಫ್’, ಅಂದ್ರೆ ತಿರುವು. ವೈಕಿಂಗರು ಉತ್ತರದಿಂದ ಬಂದು ಅಲ್ಲಿ ಹಡಗು ದಕ್ಷಿಣಕ್ಕೆ ತಿರುಗಿಸ್ತಿದ್ರು. ಸ್ಥಳೀಯ ಗೇಲಿಕ್ ಭಾಷೇಲಿ ಅದೇ ಮಾತು ‘ಅಮ್ ಪಾರ್ವ್’ ಆಯ್ತು, ಇಂಗ್ಲಿಷಿನೋರ ಬಾಯಲ್ಲಿ ‘ರಾತ್’ ಆಯ್ತು, ಕಾಗುಣಿತ ಸಿಟ್ಟಿನ ಪದದ ಥರ ಇರೋದ್ರಿಂದ ಎಲ್ರೂ ಎಡವ್ತಾರೆ. ಹೆಸರು ಹಾಗೇ ಇಡಿ, ಅನುವಾದ ಬೇಡ.

ಆ ಕಡೆ ಹೆಸರುಗಳೆಲ್ಲ ಹಡಗಿನ ಮೇಲೆ ನಿಂತು ಇಟ್ಟಿದ್ದು. ಆ ಜಿಲ್ಲೆ ಹೆಸರು ಸದರ್‌ಲ್ಯಾಂಡ್, ದಕ್ಷಿಣದ ನಾಡು ಅಂತ, ಇರೋದು ನೋಡಿದ್ರೆ ಸ್ಕಾಟ್ಲೆಂಡಿನ ಉತ್ತರದ ಕೊನೇಲಿ! ಆರ್ಕ್ನಿ ದ್ವೀಪಗಳಲ್ಲಿ ಕೂತಿದ್ದೋರಿಗೆ ಅದೇ ದಕ್ಷಿಣ.

ಇನ್ನು ಕೇಪ್, ಹೆಡ್‌ಲ್ಯಾಂಡ್ ಎರಡೂ ತಲೇನೇ. ಕೇಪ್‌ನ ಮೂಲ ಲ್ಯಾಟಿನ್ನಿನ ‘ಕಾಪುತ್’, ತಲೆ. ನಿಘಂಟಿನೋರು ಎರಡಕ್ಕೂ ಭೂಶಿರ ಅಂದಿದ್ರಲ್ಲಿ ತಪ್ಪಿಲ್ಲ.

ಅರಸೀಕೆರೆಯಿಂದ:

ಭೂಶಿರ ಕನ್ನಡ ಅಲ್ಲ. ಇಂಗ್ಲಿಷನ್ನ ಸಂಸ್ಕೃತದಲ್ಲಿ ಕೂರಿಸಿ ಕನ್ನಡದ ಲಿಪೀಲಿ ಬರೆದಿದ್ದು ಅಷ್ಟೆ. ನಮ್ಮ ಪದ ‘ಕೋಡಿ’. ಕೋಡು ಅಂದ್ರೆ ಕೊಂಬು, ಬೆಟ್ಟದ ಶಿಖರ, ಚಾಚಿಕೊಂಡಿದ್ದು. ಅದರಿಂದ ಕೋಡಿ, ತುದಿ. ಕುಂದಾಪುರದ ಕೋಡಿ ನೋಡಿ, ಕೋಡಿಬೆಂಗ್ರೆ ನೋಡಿ, ತಮಿಳುನಾಡಿನ ಕೋಡಿಕ್ಕರೈ ನೋಡಿ. ಕುಡಿ ಬಾಳೆಎಲೆ ಅಂತೀವಲ್ಲ, ಆ ಕುಡೀನೂ ಇದೇ ಬಳ್ಳಿ. ಇಷ್ಟೆಲ್ಲ ಇಟ್ಕೊಂಡು ಭೂಶಿರ ಯಾಕೆ?

ಚಿಕ್ಕಮಗಳೂರಿನಿಂದ:

ಕುಡಿ ಬೇರೆ, ಕೋಡು ಬೇರೆ. ಹ್ರಸ್ವ ದೀರ್ಘ ನೋಡ್ದೆ ಬಳ್ಳಿ ಹಬ್ಬಿಸ್ಬೇಡಿ. ಧನುಷ್ಕೋಟಿಯಲ್ಲಿರೋ ‘ಕೋಟಿ’ ಸಂಸ್ಕೃತ, ಬಿಲ್ಲಿನ ತುದಿ ಅಂತ. ನಮ್ಮ ಕೋಡಿಗೂ ಅದಕ್ಕೂ ಏನು ನಂಟು ಅನ್ನೋದು ಬಗೆಹರೀದೆ ‘ಅಚ್ಚಗನ್ನಡ’ ಅಂತ ಠಸ್ಸೆ ಒತ್ತೋದು ಸರಿಯಲ್ಲ.

ಚಿಕ್ಕಮಗಳೂರಿನಿಂದ (ಇನ್ನೊಬ್ಬರು, ಹುಟ್ಟೂರು ಕುಂದಾಪುರದ ಕಡೆ):

ವ್ಯುತ್ಪತ್ತಿ ಬಿಡಿ ಮಾರಾಯ್ರೆ, ನೆಲ ನೋಡಿ. ಕೋಡಿ ಅಂದ್ರೆ ನಮ್ಮ ಕಡೆ ಹೊಳೆ ಕಡಲು ಸೇರೋ ಬಾಯಲ್ಲಿ ಉದ್ದಕ್ಕೆ ಚಾಚಿದ ಮರಳು. ಕೋಡಿಬೆಂಗ್ರೇಲಿ ನಿಂತ್ರೆ ಒಂದು ಕಡೆ ಸುವರ್ಣಾ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ರಸ್ತೆ, ಎರಡು ಸಾಲು ತೆಂಗಿನಮರ. ಎತ್ತರ ಅನ್ನೋದೇ ಇಲ್ಲ. ಬೆಂಗ್ರೆ ಅಂದ್ರೂ ಅಂಥದ್ದೇ ಜಾಗ. ಕೇಪ್ ರಾತ್ ಪಕ್ಕದ ಕ್ಲೋ ಮೋರ್ ಅನ್ನೋ ಪ್ರಪಾತ 281 ಮೀಟರ್, ಬ್ರಿಟನ್ ಮುಖ್ಯಭೂಮೀಲಿ ಕಡಲಿಗೆ ಇಳಿಯೋ ಅತಿ ಎತ್ತರದ ಬಂಡೆ. ಜೋಗದ ರಾಜ 253 ಮೀಟರ್. ಜೋಗಕ್ಕಿಂತ ಎತ್ತರದ ಬಂಡೆಗೆ ಕೋಡಿ ಅಂದ್ರೆ ನಮ್ಮೂರ ಮೀನುಗಾರರು ಒಪ್ಪೋದಿಲ್ಲ. ಗೋಕರ್ಣದಲ್ಲಿ ಕುಡ್ಲೆಗೂ ಓಂ ಬೀಚಿಗೂ ನಡುವೆ ಕಡಲಿಗೆ ನುಗ್ಗಿರೋದಿದೆಯಲ್ಲ, ಅದನ್ನ ಜನ ಗುಡ್ಡ ಅಂತಾರೆ, ಅಷ್ಟೆ.

ಹಾಸನದಿಂದ:

ನಮ್ಮೂರಲ್ಲಂತೂ ಕೋಡಿ ಬೋರ್ಡ್ ಮೇಲೆ ಹಾಕೋ ಹಾಗೇ ಇಲ್ಲ ಸರ್. ಇಲ್ಲಿ ಕೋಡಿ ಅಂದ್ರೆ ಕೆರೆ ತುಂಬಿ ನೀರು ಹೊರಗೆ ಹೋಗೋ ಜಾಗ. ‘ಕೇಪ್ ರಾತ್ ಕೋಡಿ’ ಅಂತ ಓದಿದ್ ಮಕ್ಳು ಕೆರೆ ಎಲ್ಲಿ ಅಂತ ಕೇಳ್ತಾರೆ.

ಮೂಡಿಗೆರೆಯಿಂದ:

‘ಮೊನೆ’ ಯಾಕಾಗ್ಬಾರ್ದು? ಕತ್ತಿ ಮೊನೆ, ಸೂಜಿ ಮೊನೆ ಎಲ್ರಿಗೂ ಗೊತ್ತು. ತಮಿಳಿನೋರು ಕನ್ಯಾಕುಮಾರಿಗೆ ಕುಮರಿ ಮುನೈ ಅಂತಾರೆ, ನಾವೂ ‘ಕಡಲ ಮೊನೆ’ ಅನ್ಬಹುದು. ಹಾಗೆ ನೋಡಿದ್ರೆ ನಾರ್ಸ್ ಜನ ಇಂಥ ಜಾಗಕ್ಕೆ ‘ನೆಸ್’ ಅಂದ್ರು, ಮೂಗಿನ ನಂಟಿನ ಪದ, ಪಕ್ಕದ ಕೇತ್‌ನೆಸ್ ಅನ್ನೋ ಪ್ರದೇಶದ ಹೆಸರಲ್ಲಿ ಅದೇ ಇರೋದು. ನಮ್ಮ ಜಿಲ್ಲೇಲೇ ಕುದುರೆಮುಖ ಇದೆ. ನೆಲಕ್ಕೆ ಮುಖ ಮೂಗು ಇಟ್ಟು ಕರೆಯೋದು ನಮಗೆ ಹೊಸದಲ್ಲ.

ಕಪಾಟು ಮಾತ್ರ ಬೇಡವೇ ಬೇಡ, ಕಪಾಟಿಗೆ ಬಾಗಿಲಿರುತ್ತೆ. ‘ಬಂಡೆ ಜಗಲಿ’ ಅನ್ನಿ. ಅಲ್ಲಿನ ಗಿಲ್ಲೆಮಾಟ್ ಹಕ್ಕಿ ಗೂಡೇ ಕಟ್ಟಲ್ಲ, ಬರೀ ಕಲ್ಲಿನ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತೆ, ಮೊಟ್ಟೆ ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ. ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತಿರ್ತವೆ, ಕೆಳಗೆ ನೇರ ಕಡಲು. ಕಿಟಿವೇಕ್ ಅನ್ನೋ ಕಡಲ ಹಕ್ಕಿ ಅಂಥದ್ದೇ ಜಗಲೀಲಿ ಮಣ್ಣು, ಪಾಚಿ ಮೆತ್ತಿ ಗೂಡು ಮಾಡುತ್ತೆ. ಪಫಿನ್ ಬೇರೆ ಥರ, ಹುಲ್ಲಿರೋ ಇಳಿಜಾರಲ್ಲಿ ಬಿಲ ತೋಡುತ್ತೆ. ಮೂರಕ್ಕೂ ‘ಗೂಡು’ ಅಂತ ಒಂದೇ ಪದ ಹಾಕ್ಬೇಡಿ, ಮಕ್ಕಳಿಗೆ ತಪ್ಪು ಹೇಳ್ದಂಗಾಗುತ್ತೆ.

ಅರಸೀಕೆರೆಯಿಂದ:

ಜಗಲಿ ಚೆನ್ನಾಗಿದೆ. ಮೊನೆ ಆದ್ರೂ ಅಡ್ಡಿಯಿಲ್ಲ. ಭೂಶಿರ ಬಿಟ್ಟು ಏನಾದ್ರೂ ಹಾಕಿ. ಒಂದೊಂದು ಬೋರ್ಡಲ್ಲೂ ಹೀಗೇ ಬಿಟ್ಕೊಡ್ತಾ ಬಂದ್ರೆ ನಾಳೆ ಕಡಲು, ಬಂಡೆ, ಹಕ್ಕಿ ಅನ್ನೋ ಪದಗಳೂ ಪುಸ್ತಕದಿಂದ ಹೋಗಿ ಸಾಗರ, ಶಿಲೆ, ಪಕ್ಷಿ ಮಾತ್ರ ಉಳೀತವೆ. ಮಕ್ಕಳು ಮನೇಲಿ ಆಡೋ ಪದ ಸ್ಕೂಲಲ್ಲಿ ತಪ್ಪು ಅನ್ನಿಸ್ಕೊಳ್ಳೋದನ್ನ ನಾನು ಕಣ್ಣಾರೆ ನೋಡ್ತಿದೀನಿ.

ಬೇಲೂರಿನಿಂದ:

ಮನೆ ಮಾತು ಉಳೀಬೇಕು ಅನ್ನೋದು ಒಪ್ತೀನಿ, ಆದ್ರೆ ಸಂಸ್ಕೃತ ಬಂದಿದ್ದೆಲ್ಲ ಹೊರಗಿನದು ಅನ್ನೋ ಮಾತು ಈ ತಾಲೂಕಿನ ಮಣ್ಣಲ್ಲಿ ನಿಂತು ಹೇಳ್ಬೇಡಿ. ಹಲ್ಮಿಡಿ ಇರೋದು ಇಲ್ಲೇ. ಸುಮಾರು ಕ್ರಿ.ಶ. 450ರ ಕಲ್ಲು, 16 ಸಾಲು. ಶುರುವಾಗೋದೇ ‘ಜಯತಿ ಶ್ರೀಪರಿಷ್ವಂಗ’ ಅಂತ ಸಂಸ್ಕೃತದಲ್ಲಿ, ಅದೇ ಕಲ್ಲಲ್ಲಿ ‘ಬಾಳ್ಗಳ್ಚು’ ಅನ್ನೋ ಅಪ್ಪಟ ಕನ್ನಡ ಪದಾನೂ ಇದೆ, ಕತ್ತಿ ತೊಳೆದು ವೀರನಿಗೆ ಕೊಡೋ ದತ್ತಿ. ಎರಡೂ ಒಂದೇ ಕೈ ಕೆತ್ತಿದ್ದು. ಸಮುದ್ರ ಅನ್ನೋದನ್ನೇ ತಗೊಳ್ಳಿ, ಸಂಸ್ಕೃತ ಪದ, ಆದ್ರೆ ನಮ್ಮೋರು ಅದನ್ನ ಕೆರೆಗೆ ಇಟ್ರು. ಹಳೇಬೀಡಿನ ಹಳೇ ಹೆಸರು ದೋರಸಮುದ್ರ. ಅದನ್ನ ಯಾರಾದ್ರೂ ಹೊರಗಿನದು ಅಂತಾರಾ? ಭೂಶಿರಾನೂ ಹಾಗೇ, ಮೂರು ತಲೆಮಾರು ನಕಾಶೆ ನೋಡಿ ಓದಿದ ಪದ.

ಅರಸೀಕೆರೆಯಿಂದ:

ದೋರಸಮುದ್ರ ಜನ ಕರೆದಿದ್ದು. ಭೂಶಿರ ಪಠ್ಯಪುಸ್ತಕ ಸಮಿತಿ ಕರೆದಿದ್ದು. ಒಂದೇ ತಕ್ಕಡೀಲಿ ಇಡ್ಬೇಡಿ.

ಹಾಸನದಿಂದ:

ಎಲ್ರಿಗೂ ಧನ್ಯವಾದ, ನಾನು ಹೀಗೆ ಕಳಿಸ್ತಿದೀನಿ. ನಕಾಶೆ ಮೇಲಿನ ಹೆಸರಿಗೆ ‘ಕೇಪ್ ರಾತ್ ಭೂಶಿರ’, ಯಾಕಂದ್ರೆ ಪರೀಕ್ಷೇಲೂ ಮಕ್ಕಳು ಅದನ್ನೇ ಬರೀಬೇಕು. ಕೆಳಗಿನ ವಿವರಣೇಲಿ ‘ಕಡಲಿಗೆ ಚಾಚಿದ ಬಂಡೆಗುಡ್ಡದ ಮೊನೆ. 1828ರಲ್ಲಿ ರಾಬರ್ಟ್ ಸ್ಟೀವನ್ಸನ್ ಇಲ್ಲಿ ದೀಪಸ್ತಂಭ ಕಟ್ಟಿದರು, 1998ರವರೆಗೂ ಅದರಲ್ಲಿ ಕಾವಲುಗಾರರಿದ್ದರು. ಸುತ್ತಲ ಬಂಡೆ ಜಗಲಿಗಳಲ್ಲಿ ಸಾವಿರಾರು ಕಡಲ ಹಕ್ಕಿಗಳು ಮೊಟ್ಟೆ ಇಡುತ್ತವೆ.’ ಹೆಸರಿನ ಅರ್ಥ ‘ತಿರುವು’ ಅಂತ ಒಂದು ಸಾಲು. ಸೇನೆಯವ್ರು ಅಲ್ಲಿ ಬಾಂಬ್ ಅಭ್ಯಾಸ ಮಾಡ್ತಾರೆ ಅನ್ನೋದನ್ನ ಕರಡಲ್ಲಿ ಕೈಬಿಟ್ಟಿದ್ರು, ಅದನ್ನ ವಾಪಸ್ ಸೇರಿಸಿದೀನಿ, ಹಕ್ಕಿ ಬಗ್ಗೆ ಹೇಳಿ ಅದನ್ನ ಬಿಡೋದು ಸರಿ ಅನ್ನಿಸ್ಲಿಲ್ಲ.

ಈಗ ಉಳಿದಿದ್ದು ಕಲ್ಲು. ಅಲ್ಲಿರೋದು ಲೂಯಿಸಿಯನ್ ನೈಸ್, ಬ್ರಿಟನ್ನಿನಲ್ಲೇ ಅತಿ ಹಳೇ ಶಿಲೆ. ನಮ್ಮ ಗೊರೂರು ಸುತ್ತ ಇರೋದೂ ನೈಸೇ, 300 ಕೋಟಿ ವರ್ಷಕ್ಕೂ ಹಿಂದಿನದು, ಮಕ್ಕಳಿಗೆ ಅದನ್ನ ತೋರಿಸಿ ಹೇಳ್ಬಹುದು. ‘ನೈಸ್’ ಅಂತ ಹಾಗೇ ಬಿಟ್ರೆ ಚೆನ್ನಾಗಿರೋ ಕಲ್ಲು ಅಂತ ಓದ್ಕೋತಾರೆ. ‘ಪಟ್ಟೆಗಲ್ಲು’ ಅನ್ಬಹುದಾ?

ಅರಸೀಕೆರೆಯಿಂದ:

ಅನ್ನಿ. ಕಪ್ಪು ಬಿಳಿ ಪಟ್ಟೆ ಕಣ್ಣಿಗೇ ಕಾಣುತ್ತೆ.

ಚಿಕ್ಕಮಗಳೂರಿನಿಂದ:

ಪಟ್ಟೆ ಇರೋ ಕಲ್ಲೆಲ್ಲ ನೈಸ್ ಅಲ್ಲ. ‘ನೈಸ್ ಎಂಬ ಪಟ್ಟೆಗಲ್ಲು’ ಅಂತ ಎರಡನ್ನೂ ಹಾಕಿ ಕಳಿಸಿ, ಗುರುವಾರ ನಾಳೇನೇ.