ಒಂದು ಟನ್ನಿಗೆ ಎಷ್ಟು ಮೈಕ್ರೊಗ್ರಾಂ? ನಾನು 9 ಸೊನ್ನೆ ಅಂತೀನಿ, ಮಗಳು 12 ಅಂತಾಳೆ

ಕಾಟಾದವ, ಗಂಗಾವತಿ:

ಎಲ್ಲರಿಗೂ ನಮಸ್ಕಾರ. ನಾನು ಲಾರಿ ತೂಕ ಮಾಡುವ ಕಾಟಾದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ತುಂಬಿದ ಲಾರಿ, ಖಾಲಿ ಲಾರಿ, ಕಳೆದರೆ ಭತ್ತದ ತೂಕ. ಹತ್ತು ಕ್ವಿಂಟಾಲ್ ಒಂದು ಟನ್. ಇಷ್ಟೇ ನನ್ನ ಗಣಿತ, ಇದರಲ್ಲಿ ಇವತ್ತಿನವರೆಗೆ ಯಾರ ಹತ್ತಿರವೂ ಮಾತು ಕೇಳಿಲ್ಲ.

ನಿನ್ನೆ ರಾತ್ರಿ ಮಗಳು ಹೋಂವರ್ಕ್ ತಂದಳು. 250 ಮೈಕ್ರೊಗ್ರಾಂ ಅಂದರೆ ಎಷ್ಟು ಟನ್? ತೂಕ ತಾನೇ, ಕೊಡು ಇಲ್ಲಿ ಅಂದೆ. ಮೊಬೈಲಿನಲ್ಲಿ ಸಾವಿರದಿಂದ ಭಾಗಿಸುತ್ತಾ ಹೋದೆ. ಕೊನೆಗೆ 2.5ಇ-10 ಅಂತ ಬಂತು. ಇ ಅಂದರೆ ಎರರ್ ಅಂದುಕೊಂಡು ಮೂರು ಸಲ ಅಳಿಸಿ ಮತ್ತೆ ಹೊಡೆದೆ. ಮಗಳು ನಗುತ್ತಿದ್ದಳು. ಆಮೇಲೆ ಪೇಪರಿನಲ್ಲಿ ಬರೆದರೆ, ಟನ್ನಿಗೆ ನನಗೆ 9 ಸೊನ್ನೆ ಬಂತು, ಅವಳಿಗೆ 12. ಯಾರದು ಸರಿ? ಆ ಇ ಏನು?

ಮಾತ್ರೆ ಅಕ್ಕ:

ಅಣ್ಣಾ, ಬೇಜಾರು ಮಾಡ್ಕೋಬೇಡಿ, ಮಗಳದೇ ಸರಿ. ನಿಮ್ಮ 9 ಸೊನ್ನೆ ಮಿಲಿಗ್ರಾಮಿಗೆ. ಮಿಲಿಗ್ರಾಂ ಕೆಳಗೆ ಇನ್ನೊಂದು ಮೆಟ್ಟಿಲಿದೆ, ಅದನ್ನು ನೀವು ಇಳಿಯಲೇ ಇಲ್ಲ.

ನಾನು ಮೆಡಿಕಲ್ ಶಾಪ್ ಇಟ್ಟಿದ್ದೇನೆ. ನಮ್ಮಲ್ಲಿ ಆ ಮೆಟ್ಟಿಲು ಮರೆತರೆ ಆಗಲ್ಲ. ಥೈರಾಯ್ಡ್ ಮಾತ್ರೆ 50 ಅಂದರೆ 50 ಮೈಕ್ರೊಗ್ರಾಂ. ಬಾಯಲ್ಲಿ ಎಲ್ಲರೂ ಐವತ್ತು ಎಂಜಿ ಅನ್ನುತ್ತಾರೆ. ನಿಜವಾಗಿ 50 ಮಿಲಿಗ್ರಾಂ ಆಗಿದ್ದರೆ ಒಂದು ಮಾತ್ರೆಯಲ್ಲಿ ಸಾವಿರ ಮಾತ್ರೆಯ ಔಷಧ ಇರುತ್ತಿತ್ತು! ಒಮ್ಮೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಒಂದೇ ಒಂದು ಕೆಜಿ ಔಷಧದಲ್ಲಿ 50 ಮೈಕ್ರೊಗ್ರಾಮಿನ ಮಾತ್ರೆ ಎರಡು ಕೋಟಿ ಆಗುತ್ತವೆ.

ಸೊನ್ನೆಗಳ್ಳ:

ಸೊನ್ನೆ ಎಣಿಸಬೇಡಿ ಸರ್, ನಮ್ಮ ಲೆಕ್ಕದಲ್ಲೇ ಹೇಳಿ. ಒಂದು ಟನ್ ಅಂದರೆ ಸಾವಿರ ಕೆಜಿ, ಹತ್ತು ಲಕ್ಷ ಗ್ರಾಂ, ನೂರು ಕೋಟಿ ಮಿಲಿಗ್ರಾಂ, ಒಂದು ಲಕ್ಷ ಕೋಟಿ ಮೈಕ್ರೊಗ್ರಾಂ. ಬಜೆಟ್ ದಿನ ಪೇಪರಿನಲ್ಲಿ ಬರುತ್ತಲ್ಲ, ಅದೇ ಲಕ್ಷ ಕೋಟಿ.

ಇ ಎರರ್ ಅಲ್ಲ. ಇ-10 ಅಂದರೆ ಪಾಯಿಂಟನ್ನು ಎಡಕ್ಕೆ ಹತ್ತು ಮನೆ ತಳ್ಳಿ ಅಂತ. 0.00000000025 ಟನ್. ನಿಮ್ಮ ಮೊಬೈಲ್ ಸರಿಯಾಗೇ ಹೇಳಿತ್ತು.

ಹಳೇ ಕುಲುಮೆ:

ಇದನ್ನು ಓದಿ ನಗು ಬಂತು, ಯಾಕೆಂದರೆ ಈ ಮೈಕ್ರೊಗ್ರಾಂ-ಟನ್ ಲೆಕ್ಕದಲ್ಲೇ ನನ್ನ ಸರ್ವೀಸ್ ಮುಗಿಯಿತು. ಚಿನ್ನದ ಗಣಿಯ ಲ್ಯಾಬಿನಲ್ಲಿದ್ದೆ. ಹಟ್ಟಿಯಲ್ಲಾಗಲಿ, 2001ರಲ್ಲಿ ಮುಚ್ಚಿದ ಕೆಜಿಎಫ್‌ನಲ್ಲಾಗಲಿ, ಅದಿರನ್ನು ಅಳೆಯುವುದು ಟನ್ನಿಗೆ ಎಷ್ಟು ಗ್ರಾಂ ಚಿನ್ನ ಅಂತ. ಆದರೆ ಲ್ಯಾಬಿನ ಕುಲುಮೆಗೆ ಒಂದು ಟನ್ ಕಲ್ಲು ಹಾಕಲು ಆಗುತ್ತದೆಯೇ? 30 ಗ್ರಾಂ ಪುಡಿ ತೆಗೆದುಕೊಳ್ಳುತ್ತಿದ್ದೆವು. ಸೀಸದ ಆಕ್ಸೈಡು, ಸೋಡಾ, ಬಿಳಿಗಾರ ಸೇರಿಸಿ ಕಾಯಿಸಿದರೆ ಸೀಸ ಕರಗಿ ಚಿನ್ನವನ್ನೆಲ್ಲ ತನ್ನೊಳಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಆ ಸೀಸದ ಗುಂಡನ್ನು ಮೂಳೆ ಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಬೇಕು. ಸೀಸವನ್ನು ಬಟ್ಟಲು ಹೀರುತ್ತದೆ. ಉಳಿಯುವುದು ಒಂದು ಚುಕ್ಕೆ. ಅದರಲ್ಲಿರುವ ಬೆಳ್ಳಿಯನ್ನು ನೈಟ್ರಿಕ್ ಆಸಿಡ್ ತಿಂದುಬಿಡುತ್ತದೆ, ಚಿನ್ನ ಉಳಿಯುತ್ತದೆ.

ಟನ್ನಿಗೆ 3 ಗ್ರಾಂ ಇರುವ ಅದಿರಾದರೆ ಆ ಚಿನ್ನ ಬರೀ 90 ಮೈಕ್ರೊಗ್ರಾಂ. ಉಂಡೆ ಮಾಡಿದರೆ ಅಡ್ಡಳತೆ 0.2 ಮಿಲಿಮೀಟರ್, ಸಾಸಿವೆ ಕಾಳು ಅದರ ಮುಂದೆ ಕುಂಬಳಕಾಯಿ. ಅದನ್ನು ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. 90ನ್ನು 30ರಿಂದ ಭಾಗಿಸಿದರೆ ಗ್ರಾಮಿಗೆ 3 ಮೈಕ್ರೊಗ್ರಾಂ. ಎರಡೂ ಕಡೆ ಹತ್ತು ಲಕ್ಷದಿಂದ ಗುಣಿಸಿ, ಟನ್ನಿಗೆ 3 ಗ್ರಾಂ. ಅಂಕಿ ಬದಲಾಗುವುದೇ ಇಲ್ಲ ನೋಡಿ! ಇದನ್ನು ಮಗಳಿಗೆ ತೋರಿಸಿ, ಶಾಲೆಯಲ್ಲಿ ಹೇಳಿಕೊಡುತ್ತಾರೋ ಇಲ್ಲವೋ.

ಹೊಸದರಲ್ಲಿ ನಾನೂ ಒಂದು ಸೊನ್ನೆ ಜಾಸ್ತಿ ಹಾಕಿ 30 ಗ್ರಾಂ ಅಂತ ಬರೆದುಬಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ದೊಡ್ಡ ಸಾಹೇಬರು ಖುಷಿಯಿಂದ ಓಡಿ ಬಂದರು. ಆಮೇಲೆ ಏನಾಯಿತು ಅಂತ ಕೇಳಬೇಡಿ.

ಕಾಟಾದವ, ಗಂಗಾವತಿ:

ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ನಮ್ಮಲ್ಲಿಗೆ ಬಂದ ಲಾರಿಯಲ್ಲಿ 20 ಟನ್ ಮಾಲಿತ್ತು. ಅದು ಹಿರಿಯರು ಹೇಳಿದ ಅದಿರಾಗಿದ್ದರೆ ಲಾರಿ ತುಂಬಾ 60 ಗ್ರಾಂ ಚಿನ್ನ ಅಂತಾಯಿತು. ಲೆಕ್ಕ ಹಾಕುವಾಗ ಹೆಂಡತಿ ಪಕ್ಕದಲ್ಲೇ ಇದ್ದಳು, ಅಷ್ಟು ಸಾಕು ತಗೊಂಡು ಬನ್ನಿ ಅಂದಳು.

ಮಗಳು ಈಗ ಹೊಸ ವರಾತ ತೆಗೆದಿದ್ದಾಳೆ. ನಮ್ಮ ಕಾಟಾ ಹತ್ತು ಹತ್ತು ಕೆಜಿಗೆ ನೆಗೆಯುತ್ತದೆ, ಮಧ್ಯದ್ದು ತೋರಿಸಲ್ಲ. ಹತ್ತು ಕೆಜಿ ಅಂದರೆ ಸಾವಿರ ಕೋಟಿ ಮೈಕ್ರೊಗ್ರಾಂ ಅಲ್ವಾ ಅಪ್ಪಾ, ಅಷ್ಟನ್ನೂ ನೀನು ಬಿಟ್ಟುಬಿಡ್ತೀಯಾ ಅಂತ ಕೇಳುತ್ತಾಳೆ. ಏನು ಹೇಳಲಿ?