ಸಹಾಯ ಬೇಕು: ಶನಿವಾರ ಕೋಟೆಗೆ ಜೊತೆಗೆ ಬರೋರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಬಗ್ಗೆ ನಾಲ್ಕಕ್ಷರ ಬರೆದಿದ್ದೇನೆ ಅನ್ನೋ ಒಂದೇ ಕಾರಣಕ್ಕೆ ಪ್ರವಾಸ ಲೇಖನ ಬರೆಯುವ ಐದು ಜನ ಪತ್ರಕರ್ತರನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಶನಿವಾರ ಬರುತ್ತಾರೆ. ಮೂವರಿಗೆ ಕನ್ನಡ ಬರಲ್ಲ, ನನ್ನ ಇಂಗ್ಲಿಷು ಏಕನಾಥೇಶ್ವರಿ ಗುಡಿ ಮುಟ್ಟೋ ಹೊತ್ತಿಗೆ ಸುಸ್ತಾಗುತ್ತೆ!

ಓಬವ್ವನ ಕಿಂಡಿ ಎಲ್ಲರೂ ತೋರಿಸ್ತಾರೆ, ನಾನೂ ತೋರಿಸ್ತೀನಿ. ನನಗೆ ಆಸೆ ಇರೋದು ನೀರಿನ ಕಥೆ ಹೇಳೋಕೆ. ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ತುಂಬಿಸಿ ಕೆಳಗೆ ಊರಿನ ಸಿಹಿನೀರು ಹೊಂಡದ ಕಡೆ ಇಳಿಯೋದು. 1779ರಲ್ಲಿ ಹೈದರಾಲಿ ಕೋಟೆ ಹಿಡಿದದ್ದು ಗೊತ್ತಿರುವವರಿಗೂ ಇದು ಗೊತ್ತಿರಲ್ಲ, ಅಲ್ವಾ? ಆ ನೀರಿನ ದಾರಿ ನಡೆದು ನೋಡಿರುವ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಒಂದು ಗಂಟೆ ಜೊತೆಗಿರಿ.

ಮಧ್ಯಾಹ್ನ ಚಂದ್ರವಳ್ಳಿ. ಮಯೂರಶರ್ಮನ ಶಾಸನವೂ ಕೆರೆಯದ್ದೇ ಮಾತಾಡುತ್ತೆ, ಪ್ರಾಕೃತದಲ್ಲಿ. ಅಂಕಲಿ ಮಠದ ಗುಹೆಯೊಳಗೆ ಕಗ್ಗತ್ತಲು. ಕಳೆದ ಸಲ ಮೊಬೈಲ್ ಬೆಳಕು ನಂಬಿ ಹೋಗಿ ಮೂರನೇ ಮೆಟ್ಟಿಲಲ್ಲಿ ಮೊಣಕಾಲು ಕೆತ್ತಿಸಿಕೊಂಡೆ. ಎರಡು ಒಳ್ಳೆ ಟಾರ್ಚ್ ಎರವಲು ಸಿಗುತ್ತಾ?

ಭಾನುವಾರ ಮೊಳಕಾಲ್ಮೂರು. ಸುಮ್ನೆ ಅಂಗಡಿಯಲ್ಲಿ ಸೀರೆ ತೋರಿಸೋದು ಬೇಡ, ಮಗ್ಗದ ಸದ್ದು ಕೇಳಿಸಬೇಕು. ಭಾನುವಾರವೂ ನೇಯುವ ಮನೆ ಗೊತ್ತಿದ್ದರೆ ಅವರನ್ನು ಮೊದಲು ಕೇಳಿ ಆಮೇಲೆ ನನಗೆ ತಿಳಿಸಿ.

ಇಂಗ್ಲಿಷ್ ಚೆನ್ನಾಗಿ ಬರುವ ಕಾಲೇಜು ಹುಡುಗ ಹುಡುಗಿಯರೂ ಬನ್ನಿ. ಕೈಗೆ ಜಾಸ್ತಿ ಏನೂ ಕೊಡೋಕಾಗಲ್ಲ, ಮಂಡಕ್ಕಿ ಮಿರ್ಚಿ ಗ್ಯಾರಂಟಿ. ಗುರುವಾರದೊಳಗೆ ಇಲ್ಲೇ ಮೆಸೇಜ್ ಹಾಕಿ.