ಚಿತ್ರದ ಗುಣಮಟ್ಟ ನೋಡಬೇಕೋ, ಕೈಗೆ ಒಗ್ಗುವುದನ್ನೂ ನೋಡಬೇಕೋ? ಬಳಸಿದವರು ಹೇಳಿ

ಪ್ರಶ್ನೆ:
ನಾಲ್ಕು ವರ್ಷದಿಂದ ಒಂದು ಪುಟ್ಟ ಕ್ಯಾಮರಾ ಬಳಸುತ್ತಿದ್ದೇನೆ, ಈಗ ಬದಲಾಯಿಸಬೇಕು. ಎರಡು ಕಣ್ಣಿಗೆ ಬಿದ್ದಿವೆ. ಒಂದರಲ್ಲಿ 40 ಮೆಗಾಪಿಕ್ಸೆಲ್ ಸೆನ್ಸರ್. ಮೈ ತೆಳ್ಳಗಿದೆ, ಬಟನ್ ಕಡಿಮೆ, ಬೇಕಾದ್ದೆಲ್ಲ ಟಚ್‌ಸ್ಕ್ರೀನ್ ಮೆನುವಿನಲ್ಲಿ. ಇನ್ನೊಂದು 24 ಮೆಗಾಪಿಕ್ಸೆಲ್‌ನದು, ಸ್ವಲ್ಪ ಹಳೆಯ ಮಾದರಿ. ಆದರೆ ಎರಡು ಡಯಲ್, ಒಂದು ಜಾಯ್‌ಸ್ಟಿಕ್, ಕೈತುಂಬ ಹಿಡಿತ. ಮಾದರಿ ಚಿತ್ರಗಳನ್ನು ಹಿಗ್ಗಿಸಿ ನೋಡಿದರೆ ಮೊದಲನೆಯದೇ ಮೇಲು. ಕೈಗೆತ್ತಿಕೊಂಡಾಗ ಮಾತ್ರ ಎರಡನೆಯದನ್ನು ಕೆಳಗಿಡಲು ಮನಸ್ಸಾಗಲಿಲ್ಲ. ನಾನು ತೆಗೆಯುವುದು ಹೆಚ್ಚಾಗಿ ಮಕ್ಕಳು, ಹಕ್ಕಿ, ಆಗಾಗ ನಾಟಕ.

ಉತ್ತರ 1:
ಸೆನ್ಸರ್ ನೋಡಿ ಕ್ಯಾಮರಾ ಆರಿಸಿಕೊಂಡು ಎರಡು ವರ್ಷ ಒದ್ದಾಡಿದವಳು ನಾನು. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಾಟಕ ತೆಗೆಯುತ್ತೇನೆ ಅಂದಿರಲ್ಲ, ಅದನ್ನೇ ಹೇಳುತ್ತೇನೆ. ರಂಗದ ಹಿನ್ನೆಲೆ ಕತ್ತಲು, ಬೆಳಕಿರುವುದು ಪಾತ್ರಧಾರಿಯ ಮುಖದ ಮೇಲೆ ಮಾತ್ರ. ಕ್ಯಾಮರಾ ತನ್ನ ಲೆಕ್ಕದಲ್ಲಿ ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದೆರಡು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಅದೂ ದೀಪ ಬದಲಾದಾಗಲೆಲ್ಲ. ಡಯಲ್ ಇದ್ದರೆ ಹೆಬ್ಬೆರಳು ಅದನ್ನು ತಾನಾಗಿ ಮಾಡುತ್ತದೆ. ನನ್ನ ಕ್ಯಾಮರಾದಲ್ಲಿ ಕಣ್ಣನ್ನು ವ್ಯೂಫೈಂಡರ್‌ನಿಂದ ತೆಗೆದು, ಸ್ಕ್ರೀನ್ ಮುಟ್ಟಿ, ಬೆಳಕು ಇಳಿಸುವ ಗೆರೆಯನ್ನು ಬೆರಳಲ್ಲಿ ಎಳೆದು, ಮತ್ತೆ ಕಣ್ಣಿಡಬೇಕಿತ್ತು. ಕತ್ತಲ ಸಭಾಂಗಣದಲ್ಲಿ ಸ್ಕ್ರೀನ್ ಹೊತ್ತಿಕೊಂಡರೆ ಅಕ್ಕಪಕ್ಕದವರಿಗೂ ಕಿರಿಕಿರಿ. ಒಂದು ಸಲ, ತಾಯಿ ಪಾತ್ರದಾಕೆ ಪತ್ರ ಓದಿ ತಲೆಯೆತ್ತುವ ಗಳಿಗೆಗೆಂದೇ ಕಾದಿದ್ದೆ. ನಾನು ಗೆರೆ ಎಳೆದು ಮುಗಿಸುವಷ್ಟರಲ್ಲಿ ಆಕೆ ಬೆನ್ನು ತಿರುಗಿಸಿಯಾಗಿತ್ತು. ಆ ಬೆನ್ನಿನ ಚಿತ್ರ ಅದ್ಭುತವಾಗಿ ಬಂದಿದೆ, ಸೀರೆಯ ಒಂದೊಂದು ಎಳೆಯೂ ಕಾಣುತ್ತದೆ.

ಮೆಗಾಪಿಕ್ಸೆಲ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 24 ಅಂದರೆ ಅಗಲಕ್ಕೆ 6000 ಬಿಂದು, 40 ಅಂದರೆ ಸುಮಾರು 7700. ಹೆಚ್ಚಾಗುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಓಡುವ ಮಗುವನ್ನು 1/60 ಸೆಕೆಂಡಿನಲ್ಲಿ ತೆಗೆದರೆ ಆ ಹೆಚ್ಚಳವೆಲ್ಲ ಮಸುಕಿನಲ್ಲಿ ಮುಳುಗಿಹೋಗುತ್ತದೆ. ಸಾಮಾನ್ಯವಾಗಿ ಡಯಲಿನ ಒಂದು ಕ್ಲಿಕ್ ಎಂದರೆ ಮೂರನೇ ಒಂದು ಸ್ಟಾಪ್, ಅಂದರೆ 1/60ರಿಂದ 1/500ಕ್ಕೆ ಒಂಬತ್ತು ಕ್ಲಿಕ್. ಕಣ್ಣು ಮಗುವಿನ ಮೇಲೇ ಇರುತ್ತದೆ, ಎಣಿಸುವ ಕೆಲಸ ಬೆರಳಿನದು. ನನ್ನ ಮಟ್ಟಿಗೆ ಇದೂ ಚಿತ್ರದ ಗುಣಮಟ್ಟವೇ. ಹೋಲಿಕೆಗೆಂದು ತೆಗೆಯುವ ಮಾದರಿ ಚಿತ್ರಗಳು ಬಹುಪಾಲು ಸ್ಟ್ಯಾಂಡಿನ ಮೇಲಿಟ್ಟು ಅಲುಗಾಡದ ವಸ್ತುವಿನವು, ಅವುಗಳಲ್ಲಿ ಇದು ಕಾಣುವುದಿಲ್ಲ.

ಉತ್ತರ 2:
ಹಕ್ಕಿಯ ವಿಷಯಕ್ಕೆ ನಾನು. ಲೆನ್ಸ್ ಹಾಕದೆ ಬರೀ ಕ್ಯಾಮರಾ ಹಿಡಿದು ತೀರ್ಮಾನ ಮಾಡಬೇಡಿ. ತೆಳ್ಳನೆಯ ಮೈಗೆ ಒಂದೂವರೆ ಕಿಲೋ ಲೆನ್ಸ್ ಸಿಕ್ಕಿಸಿದರೆ ಮೂತಿ ಕೆಳಕ್ಕೆ ಜಗ್ಗುತ್ತದೆ, ಕಿರುಬೆರಳಿಗೆ ಜಾಗವಿರುವುದಿಲ್ಲ, ಭಾರವೆಲ್ಲ ಮಣಿಕಟ್ಟಿನ ಮೇಲೆ. ಅರ್ಧ ಗಂಟೆ ಮಿಂಚುಳ್ಳಿ ಕಾಯುವಾಗ ಕೈ ಸೋತು ಕೆಳಗಿಳಿಸುತ್ತೀರಿ, ಹಕ್ಕಿ ನೀರಿಗೆ ಧುಮುಕುವುದು ಆಗಲೇ.

ಇನ್ನೊಂದು, ಫೋಕಸನ್ನು ಷಟರ್ ಬಟನ್‌ನಿಂದ ಬಿಡಿಸಿ ಹಿಂಬದಿಯ ಬಟನ್‌ಗೆ ಹಾಕಿಕೊಳ್ಳಿ. ಕ್ಯಾನನ್‌ನವರು 1989ರ ಇಒಎಸ್ 630 ಕ್ಯಾಮರಾದಲ್ಲೇ ಇದನ್ನು ಕೊಟ್ಟಿದ್ದರು. ಕೂತ ಹಕ್ಕಿಗೆ ಒತ್ತಿ ಬಿಟ್ಟರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಹಾರಿದರೆ ಒತ್ತಿ ಹಿಡಿದಷ್ಟು ಹೊತ್ತೂ ಬೆನ್ನಟ್ಟುತ್ತದೆ. ಆ ಬಟನ್ ಹೆಬ್ಬೆರಳು ಸಹಜವಾಗಿ ಕೂರುವ ಕಡೆ ಇರಬೇಕು. ಬೆರಳು ಚಾಚಿ ಹುಡುಕಬೇಕಾದರೆ ಪ್ರಯೋಜನವಿಲ್ಲ.

ಉತ್ತರ 3:
ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ಬೆಟ್ಟ, ಕಣಿವೆ, ಮೋಡ ತೆಗೆಯುವವನು. ಟ್ರೈಪಾಡ್ ಮೇಲಿಟ್ಟು ಹತ್ತು ನಿಮಿಷ ಕಾಯುವ ನನಗೆ ಮೆನುವಿನೊಳಗೆ ಹೋಗುವುದು ತೊಂದರೆಯಲ್ಲ, ದೊಡ್ಡದಾಗಿ ಮುದ್ರಿಸುವುದರಿಂದ ಮೆಗಾಪಿಕ್ಸೆಲ್ ನಿಜಕ್ಕೂ ಬೇಕು. ಚಿಕ್ಕದಾಗಿದ್ದರೆ ಬೆಟ್ಟದ ತುದಿವರೆಗೂ ಜೊತೆಗೆ ಬರುತ್ತದೆ, ಅದೂ ಕೈಗೆ ಒಗ್ಗುವ ಒಂದು ರೀತಿಯೇ. ಬಟನ್ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಆದರೆ ಮಕ್ಕಳು, ಹಕ್ಕಿ, ನಾಟಕ ಎಂದರೆ ಮೂರೂ ಕಾಯುವವಲ್ಲ. ನಿಮಗೆ ಎರಡನೆಯದೇ ಸರಿ.

ಉತ್ತರ 4:
ಕನ್ನಡಕ ಹಾಕುತ್ತೀರಾ? ಹಾಗಿದ್ದರೆ ಕನ್ನಡಕದಲ್ಲೇ ವ್ಯೂಫೈಂಡರ್‌ನ ನಾಲ್ಕೂ ಮೂಲೆ ಕಾಣುತ್ತದೆಯೇ ನೋಡಿ. ನಾನು ಎಡಗಣ್ಣಿನಲ್ಲಿ ನೋಡುವವಳು, ಮೂಗು ಟಚ್‌ಸ್ಕ್ರೀನಿಗೆ ತಾಗಿ ಫೋಕಸ್ ಬಿಂದು ಮೂಲೆಗೆ ಓಡುತ್ತಿತ್ತು. ಯಾಕೆಂದು ತಿಳಿಯಲು ತಿಂಗಳು ಹಿಡಿಯಿತು. ವ್ಯೂಫೈಂಡರ್ ಬಳಸುವಾಗ ಟಚ್ ಕೆಲಸ ಮಾಡದಂತೆ ಸೆಟ್ ಮಾಡಿದ ಮೇಲೆ ಸರಿಹೋಯಿತು.

ಉತ್ತರ 5:
ಕೊಳ್ಳುವ ಮುಂಚೆ ನಾನು ಮಾಡುವ ಪರೀಕ್ಷೆ ಹೀಗೆ. ನೀವು ಬಳಸುವ ಲೆನ್ಸನ್ನೇ ಹಾಕಿ. ಹತ್ತು ನಿಮಿಷ ಎಲ್ಲವನ್ನೂ ತಿರುಗಿಸಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಷಟರ್ ವೇಗ ಏರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆಯ ಅಂಕಿ) ಎರಡು ಪಟ್ಟು ಮಾಡಿ, ಫೋಕಸ್ ಬಿಂದುವನ್ನು ಎಡಕ್ಕೆ ಒಯ್ಯಿರಿ. ಕಣ್ಣು ತೆರೆದಾಗ ಮೂರೂ ಆಗಿದ್ದರೆ ಆ ಕ್ಯಾಮರಾ ನಿಮ್ಮ ಕೈಗೆ ಕೂರುತ್ತದೆ. ಒಂದು ಬಟನ್ ಸಿಗದಿದ್ದರೆ ಅದರ ಕೆಲಸವನ್ನು ಬೇರೆ ಬಟನ್‌ಗೆ ಹಾಕಲು ಬರುತ್ತದೆಯೇ ನೋಡಿ.

ಕಂಪನಿ ಬದಲಾಯಿಸುತ್ತಿದ್ದರೆ ಜೂಮ್ ಉಂಗುರವನ್ನೂ ಗಮನಿಸಿ. ನಿಕಾನ್‌ನಲ್ಲಿ ಅದು ತಿರುಗುವ ದಿಕ್ಕು ಕ್ಯಾನನ್‌ನದಕ್ಕೆ ವಿರುದ್ಧ. ಹಳೆಯ ಅಭ್ಯಾಸದಲ್ಲಿ ಕೈ ತಪ್ಪು ಕಡೆಗೇ ಹೋಗುತ್ತದೆ, ಹತ್ತಿರ ಎಳೆಯಲು ಹೋದ ಮುಖ ದೂರ ಸರಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಕಣ್ಣು ಮುಚ್ಚಿ ಎರಡನ್ನೂ ನೋಡಿದೆ. ಮೊದಲನೆಯದರಲ್ಲಿ ಷಟರ್ ವೇಗ ಬಿಟ್ಟರೆ ಏನೂ ಆಗಲಿಲ್ಲ. ಎರಡನೆಯದರಲ್ಲಿ ಐಎಸ್‌ಒ ಬಟನ್ ಮಾತ್ರ ಸಿಗಲಿಲ್ಲ, ಅದನ್ನು ಷಟರ್ ಪಕ್ಕದ ಬಟನ್‌ಗೆ ಹಾಕಿಕೊಂಡೆ. ಅದನ್ನೇ ತಂದಿದ್ದೇನೆ. ಫೋಕಸನ್ನೂ ಹಿಂದಿನ ಬಟನ್‌ಗೆ ಹಾಕಿದ್ದೇನೆ, ಆದರೆ ಅವಸರದಲ್ಲಿ ಅದನ್ನು ಒತ್ತಲು ಮರೆತು ಚಿತ್ರ ಮಸುಕಾಗುತ್ತಿದೆ. ನಿಮಗೆ ರೂಢಿಯಾಗಲು ಎಷ್ಟು ದಿನ ಬೇಕಾಯಿತು?

ಉತ್ತರ 2 ಬರೆದವರು:
ಎರಡು ವಾರ. ನಡುವೆ ಹಳೆಯ ರೀತಿಗೆ ಹೋಗಬೇಡಿ, ಒಮ್ಮೆ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಚಿತ್ರ ತೆಗೆಯದ ದಿನವೂ ಸಂಜೆ ಐದು ನಿಮಿಷ ಕಿಟಕಿ ಬಳಿ ಕೂತು ಹೋಗಿಬರುವ ವಾಹನಗಳನ್ನು ಬೆನ್ನಟ್ಟುತ್ತಿರಿ.